ಕಾಲಿನ ಮೇಲಣ ಜೇಡನ ಬಲೆ: ಸೂಜಿಮದ್ದಿನ ಚಿಕಿತ್ಸೆಯ ವಿಚಾರ

ಮೊಣಕಾಲಿನ ಹಿಂಭಾಗದಲ್ಲಿ, ತೊಡೆಯ ಹೊರಮೈಯಲ್ಲಿ, ಕಣಕಾಲಿನ ಒಳಬದಿಯಲ್ಲಿ ಕೆಂಪು, ನೀಲಿ, ನೇರಳೆ ಬಣ್ಣದ ನವಿರಾದ ಗೆರೆಗಳು ಒಂದು ನಡುವಿನಿಂದ ಕವಲೊಡೆದು ಹರಡಿಕೊಳ್ಳುವುದನ್ನು ನಮ್ಮ ಮನೆಗಳ ಅನೇಕ ತಾಯಂದಿರು ಬಲ್ಲರು. ಬಲ್ಲರಾದರೂ ಬಾಯಿಬಿಟ್ಟು ಹೇಳುವುದಿಲ್ಲ. ಸೀರೆಯ ನೆರಿಗೆ ಅದನ್ನು ಮರೆಮಾಡುತ್ತದೆ; ಮರೆಯಾದುದನ್ನು ಮನೆಯವರು ಕೇಳುವುದಿಲ್ಲ. ಕಳೆದ ಕೆಲವು ತಿಂಗಳುಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಇದೇ ವಿಷಯವನ್ನು ಕುರಿತವಾಗಿದ್ದುದರಿಂದ ಈ ಸಲ ಅದನ್ನೇ ಎತ್ತಿಕೊಂಡಿದ್ದೇನೆ. ಮೊದಲನೆಯದು ಇಪ್ಪತ್ತು ವರ್ಷ ನಿಂತು ಪಾಠ ಹೇಳಿದ ಶಿಕ್ಷಕಿಯೊಬ್ಬರದು. ಎರಡನೆಯದು ಮಗಳ ಮದುವೆ ನಿಶ್ಚಯವಾಗಿರುವ ತಾಯಿಯೊಬ್ಬರದು. ಲಗ್ನಕ್ಕೆ ಇನ್ನು ಇಪ್ಪತ್ತು ದಿನಗಳಿವೆ, ಅಷ್ಟರೊಳಗೆ ಕಾಲಿನ ಗೆರೆಗಳನ್ನು ಸೂಜಿ ಹಾಕಿಸಿ ಅಳಿಸಬಹುದೆ ಎಂದು ಅವರ ಪ್ರಶ್ನೆ. ಮೂರನೆಯದು ಒಬ್ಬ ಗೃಹಸ್ಥರದು. "ನನ್ನ ಮನೆಯಾಕೆ ಕಾಲಿನ ನರಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ನರ ಮುಚ್ಚಿಹೋದರೆ ಕಾಲು ಸ್ವಾಧೀನ ತಪ್ಪುವುದಿಲ್ಲವೆ?" ಎಂದು ಅವರು ಕೇಳಿದ್ದಾರೆ. ಈ ಅಂಕಣಕಾರನು ವೈದ್ಯನಲ್ಲ. ಬಲ್ಲ ವೈದ್ಯರನ್ನು ಕೇಳಿ, ಗ್ರಂಥಗಳನ್ನು ನೋಡಿ ತಿಳಿದುದನ್ನು ಬಂಧುಗಳ ಮುಂದಿಡುವುದಷ್ಟೇ ಇಲ್ಲಿಯ ಕೆಲಸ.

ಮೂರನೆಯವರ ಭಯದಿಂದಲೇ ಆರಂಭಿಸುವುದು ಒಳ್ಳೆಯದು. ಏಕೆಂದರೆ ಆ ಭಯ ಹುಟ್ಟಿರುವುದು ರೋಗದಿಂದಲ್ಲ, ನಮ್ಮ ಮಾತಿನಿಂದ. ಆಡುಮಾತಿನಲ್ಲಿ ನಾವು ಮೈಯೊಳಗಿನ ಎಳೆಯಂತಹುದನ್ನೆಲ್ಲ 'ನರ' ಎಂದು ಬಿಡುತ್ತೇವೆ. ಮಿದುಳಿನಿಂದ ಹೊರಟು ಸ್ಪರ್ಶ, ನೋವು, ಚಲನೆಗಳನ್ನು ಸಾಗಿಸುವ ತಂತುವೂ ನರವೇ. ರಕ್ತ ಹರಿಯುವ ನಾಳವೂ ನರವೇ. ಮುಂಗೈಯ ಮೇಲೆ ಹಸಿರಾಗಿ ಎದ್ದು ಕಾಣುವುದನ್ನು ತೋರಿಸಿ "ನರ ಎದ್ದಿದೆ" ಎನ್ನದವರು ಯಾರು? ಲಕ್ವ ಹೊಡೆದವರನ್ನು ಕುರಿತೂ "ನರ ಸತ್ತುಹೋಗಿದೆ" ಎನ್ನುತ್ತೇವೆ. ಹೀಗಾಗಿ ಕಾಲಿನ ನರವನ್ನು ಮುಚ್ಚುವ ಚಿಕಿತ್ಸೆ ಎಂದೊಡನೆ ಕಾಲೇ ಬಿದ್ದುಹೋದೀತೆಂದು ಮನಸ್ಸು ಅಂಜುತ್ತದೆ. ಇಲ್ಲಿ ಹೇಳುತ್ತಿರುವುದು ತಂತುವಿನ ಮಾತಲ್ಲ. ಕಾಲಿನಿಂದ ಹೃದಯಕ್ಕೆ ಮರಳುವ ರಕ್ತವನ್ನು ಒಯ್ಯುವ ಅಭಿಧಮನಿಗಳ ಕಟ್ಟಕಡೆಯ, ಚರ್ಮದ ತೊಗಲಿಗೆ ಅಂಟಿದಂತಿರುವ ಕವಲುಗಳ ಮಾತು. ಅವು ಮುಚ್ಚಿದರೆ ಸ್ಪರ್ಶವೂ ಹೋಗದು, ಬಲವೂ ಕುಂದದು. ರಕ್ತಕ್ಕೆ ಬೇರೆ ದಾರಿಗಳು ನೂರಾರಿವೆ.

ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ಏಳುನೂರು ಸಿರೆಗಳನ್ನು ಎಣಿಸಿ, ಅವು ನಾಭಿಯಿಂದ ಹೊರಟು ಎಲೆಯ ಗೆರೆಗಳಂತೆ ಮೈಯೆಲ್ಲ ಹರಡಿವೆ ಎಂದಿದ್ದಾರೆ. ನಾಭಿಮೂಲವೆಂಬ ಮಾತನ್ನು ಇಂದಿನ ಶರೀರಶಾಸ್ತ್ರ ಒಪ್ಪದು. ಎಲೆಯ ಹೋಲಿಕೆ ಮಾತ್ರ ಈ ಕಾಲಿನ ಗೆರೆಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಪಾಶ್ಚಾತ್ಯರು ಎಲೆಯನ್ನು ಬಿಟ್ಟು ಜೇಡನನ್ನು ನೆನೆದರು. ಕನ್ನಡದಲ್ಲಿ ಜೇಡನೆಂದರೆ ಬಲೆ ಹೆಣೆಯುವ ಹುಳುವೂ ಹೌದು, ಬಟ್ಟೆ ನೇಯುವವನೂ ಹೌದು. ದಾಸಿಮಯ್ಯನವರ ಹೆಸರಿನ ಹಿಂದಿರುವ 'ಜೇಡರ' ಎಂಬುದು ಈ ಎರಡನೆಯ ಅರ್ಥದ್ದು. ದಿನವಿಡೀ ನಿಂತೋ ಕಾಲು ಇಳಿಬಿಟ್ಟು ಕುಳಿತೋ ದುಡಿಯುವವರ ಕಾಲಿನಲ್ಲಿಯೇ ಈ ಬಲೆ ಹೆಚ್ಚಾಗಿ ಮೂಡುತ್ತದೆಂಬುದನ್ನು ನೆನೆದರೆ ಹೆಸರು ಇನ್ನಷ್ಟು ಸಾರ್ಥಕವೆನಿಸುತ್ತದೆ.

ಇದು ಮೂಡುವ ಬಗೆಯನ್ನು ತಿಳಿಯಬೇಕಾದರೆ ರಕ್ತದ ಮರಳುದಾರಿಯನ್ನು ತಿಳಿಯಬೇಕು. ಹೃದಯದಿಂದ ಪಾದದವರೆಗೆ ರಕ್ತವನ್ನು ತಳ್ಳುವುದಕ್ಕೆ ಹೃದಯದ ಬಲವಿದೆ. ಪಾದದಿಂದ ಮೇಲಕ್ಕೆ ಏರುವಾಗ ಆ ಬಲ ಬಹುಮಟ್ಟಿಗೆ ತೀರಿರುತ್ತದೆ. ಆಗ ನೆರವಿಗೆ ಬರುವುದು ಮೀನಖಂಡದ ಮಾಂಸಪೇಶಿ. ನಡೆಯುವಾಗ ಅದು ಬಿಗಿಯಾಗಿ ಸಡಿಲವಾಗಿ ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಜಿಗಿಯುತ್ತದೆ. ಜಿಗಿದದ್ದು ಕೆಳಗೆ ಬೀಳದಂತೆ ನಾಳದೊಳಗೆ ಅಲ್ಲಲ್ಲಿ ಒಂದೇ ಕಡೆಗೆ ತೆರೆಯುವ ಕವಾಟಗಳಿವೆ. ಇಟಲಿಯ ಪಾದುವಾ ವಿದ್ಯಾಪೀಠದ ಫ್ಯಾಬ್ರೀಸಿಯಸ್ 1603ರಲ್ಲಿ ಈ ಕವಾಟಗಳನ್ನು ಕುರಿತೇ ಒಂದು ಕಿರುಗ್ರಂಥವನ್ನು ಪ್ರಕಟಿಸಿದನು. ಆದರೆ ಅವು ಏಕಿವೆ ಎಂಬುದು ಅವನಿಗೆ ಸರಿಯಾಗಿ ಹೊಳೆಯಲಿಲ್ಲ. ಹೊಳೆದದ್ದು ಅವನ ಶಿಷ್ಯ ವಿಲಿಯಂ ಹಾರ್ವೆಗೆ. 1628ರಲ್ಲಿ ಹಾರ್ವೆ ರಕ್ತಪರಿಚಲನೆಯನ್ನು ಲೋಕಕ್ಕೆ ತಿಳಿಸಿದಾಗ, ತೋಳಿಗೆ ಪಟ್ಟಿ ಕಟ್ಟಿ ಉಬ್ಬಿದ ನಾಳದ ಮೇಲೆ ಬೆರಳೊತ್ತಿ ತೋರಿಸಿದ ಪ್ರಯೋಗಕ್ಕೆ ಗುರು ಕಂಡ ಕವಾಟಗಳೇ ಆಧಾರವಾದವು. ಗುರು ಕಂಡದ್ದರ ಅರ್ಥವನ್ನು ಶಿಷ್ಯ ಹೇಳುವುದು ನಮ್ಮ ವಿದ್ಯಾಪರಂಪರೆಗೂ ಅಪರಿಚಿತವಾದುದಲ್ಲ.

ಅಲುಗಾಡದೆ ನಿಂತ ಮನುಷ್ಯನ ಪಾದದ ಬಳಿಯ ಅಭಿಧಮನಿಯಲ್ಲಿ ಒತ್ತಡವು ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದೇ ಮನುಷ್ಯನು ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ನಡೆಯುವುದಕ್ಕೂ ನಿಲ್ಲುವುದಕ್ಕೂ ಇರುವ ಅಂತರ ಇಷ್ಟು ದೊಡ್ಡದು. ಕವಾಟ ಸಡಿಲವಾದಲ್ಲಿ ರಕ್ತ ಹಿಂದಕ್ಕೆ ಜಗ್ಗುತ್ತದೆ, ನಾಳದ ಗೋಡೆ ಹಿಗ್ಗುತ್ತದೆ. ಹಿಗ್ಗಿದ ನಾಳವು ಒಂದು ಮಿಲಿಮೀಟರಿಗಿಂತ ಸಣ್ಣದಾಗಿದ್ದರೆ ಅದೇ ಜೇಡನ ಬಲೆ. ಒಂದರಿಂದ ಮೂರು ಮಿಲಿಮೀಟರಿನವರೆಗೆ ಇದ್ದರೆ ಚರ್ಮದಡಿಯಲ್ಲಿ ನೀಲಿ ಹಸಿರಾಗಿ ಬಳುಕುವ ಜಾಲನಾಳ. ಮೂರನ್ನು ಮೀರಿ ಹಗ್ಗದಂತೆ ಉಬ್ಬಿದರೆ ಅದು ಎಲ್ಲರೂ ಬಲ್ಲ ವೇರಿಕೋಸ್ ವೇನ್. ತಾಯಿತಂದೆಯರಿಂದ ಬಂದ ಗುಣ, ವಯಸ್ಸು, ಗರ್ಭಧಾರಣೆ, ಸ್ತ್ರೀಯರ ದೇಹದ ಗ್ರಂಥಿರಸಗಳು, ಸ್ಥೂಲಕಾಯ, ದೀರ್ಘಕಾಲ ನಿಲ್ಲುವ ವೃತ್ತಿ ಇವೆಲ್ಲ ಇದಕ್ಕೆ ಕಾರಣಗಳೆಂದು ವೈದ್ಯರು ಹೇಳುತ್ತಾರೆ. ಇವುಗಳಲ್ಲಿ ವಂಶದ ಗುಣವೇ ಬಲವಾದುದು. ಕಾಲಿನ ಮೇಲೆ ಕಾಲು ಹಾಕಿ ಕುಳಿತುದರಿಂದ ಬಂತು, ತಣ್ಣೀರು ತುಳಿದುದರಿಂದ ಬಂತು ಎಂದು ಹೆಣ್ಣುಮಗಳನ್ನು ಗದರಿಸುವುದರಲ್ಲಿ ಅರ್ಥವಿಲ್ಲ.

ಇದು ಎಷ್ಟು ಸಾಮಾನ್ಯವೆಂಬುದನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 18ರಿಂದ 64 ವಯಸ್ಸಿನ 1566 ಸ್ತ್ರೀಪುರುಷರ ಕಾಲುಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ಈ ಸಣ್ಣ ಬಲೆಯಾಗಲಿ ಜಾಲನಾಳವಾಗಲಿ ಸ್ವಲ್ಪಮಟ್ಟಿಗೆ ಇದ್ದುದು ಕಂಡುಬಂತು. ಪುರುಷರೂ ಇದಕ್ಕೆ ಹೊರತಾಗಿರಲಿಲ್ಲ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ತೋರಿಸಿಕೊಟ್ಟಿತು: ಕಾಲು ಭಾರ, ಸೆಳೆತ, ತುರಿಕೆ ಎಂದು ಹೇಳಿಕೊಂಡವರ ಕಾಲಿನಲ್ಲಿ ನಾಳಗಳು ಹೆಚ್ಚಾಗಿಯೇ ಇರಬೇಕೆಂದಿಲ್ಲ, ನಾಳಗಳು ಎದ್ದು ಕಂಡವರೆಲ್ಲರೂ ನೋವು ಹೇಳಿಕೊಳ್ಳಲೂ ಇಲ್ಲ. ಆದುದರಿಂದ ಮೊಣಕಾಲು ನೋವಿಗೂ ಸೊಂಟದ ನೋವಿಗೂ ಈ ಗೆರೆಗಳನ್ನೇ ಹೊಣೆಮಾಡಿ, ಗೆರೆ ಅಳಿದರೆ ನೋವೂ ಅಳಿಯುವುದೆಂದು ನಂಬಿ ಹಣ ಸುರಿಯುವವರು ಸ್ವಲ್ಪ ತಡೆದು ಯೋಚಿಸಬೇಕು.

ಗೆರೆ ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ ಅದನ್ನು ಹಾಗೆಯೇ ಬಿಟ್ಟರೂ ಬಹುಪಾಲು ಜನರಿಗೆ ಯಾವ ಕೇಡೂ ಇಲ್ಲ. ಕೇಡಿರುವುದು ಗೆರೆಯ ಹಿಂದೆ ದೊಡ್ಡ ನಾಳದ ಕವಾಟ ಕೆಟ್ಟಿದ್ದು ಅದನ್ನು ಯಾರೂ ನೋಡದಿದ್ದಾಗ. ಸಂಜೆಯ ಹೊತ್ತಿಗೆ ಕಣಕಾಲು ಊದಿ ಬೆಳಗಿಗೆ ಇಳಿಯುವುದು, ಕಣಕಾಲಿನ ಒಳಬದಿಯ ಚರ್ಮ ಕಂದುಗಟ್ಟಿ ಗಡುಸಾಗುವುದು, ಅಲ್ಲಿ ಇಸುಬಿನಂತೆ ತುರಿಕೆ ಏಳುವುದು, ಒಂದು ಸಣ್ಣ ಗೀರು ತಿಂಗಳುಗಟ್ಟಲೆ ಮಾಯದೆ ಹುಣ್ಣಾಗಿ ನಿಲ್ಲುವುದು ಇವು ಆ ಕೇಡಿನ ಮೆಟ್ಟಿಲುಗಳು. ವೈದ್ಯರು ಈ ಮೆಟ್ಟಿಲುಗಳನ್ನು ಸೊನ್ನೆಯಿಂದ ಆರರವರೆಗೆ ಎಣಿಸುತ್ತಾರೆ. ಜೇಡನ ಬಲೆ ಒಂದನೆಯದು, ಮಾಯದ ಹುಣ್ಣು ಆರನೆಯದು. ಒಂದರಲ್ಲಿರುವವರೆಲ್ಲ ಆರಕ್ಕೆ ಹೋಗುತ್ತಾರೆಂದಲ್ಲ. ಆದರೆ ಮೂರು ನಾಲ್ಕರಲ್ಲಿರುವ ತಾಯಿಯೊಬ್ಬರು ಕಣ್ಣಿಗೆ ಕಾಣುವ ಒಂದನ್ನು ಮಾತ್ರ ಅಳಿಸಿಕೊಂಡು ಬಂದರೆ, ಮನೆ ಸೋರುತ್ತಿರುವಾಗ ಗೋಡೆಗೆ ಸುಣ್ಣ ಬಳಿದಂತಾಗುತ್ತದೆ. ಅದಕ್ಕಾಗಿಯೇ ಸೂಜಿ ಹಿಡಿಯುವ ಮೊದಲು ನಿಲ್ಲಿಸಿ ಕಾಲನ್ನು ಪರೀಕ್ಷಿಸುವುದು, ಸಂದೇಹವಿದ್ದಲ್ಲಿ ಡಾಪ್ಲರ್ ಎಂಬ ಶಬ್ದತರಂಗದ ಪರೀಕ್ಷೆ ಮಾಡಿಸುವುದು ಅವಶ್ಯ. ಇದರಲ್ಲಿ ನೋವಿಲ್ಲ, ಕ್ಷಕಿರಣವೂ ಇಲ್ಲ.

ಸೂಜಿಮದ್ದಿನ ಕಥೆ ಸ್ವಾರಸ್ಯವಾದುದು. 1853ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಪ್ರವಾಜ್ ಎಂಬ ವೈದ್ಯನು ಸಣ್ಣ ಪಿಚಕಾರಿಯೊಂದನ್ನು ಮಾಡಿಸಿ, ಪ್ರಾಣಿಗಳ ರಕ್ತನಾಳಕ್ಕೆ ಕಬ್ಬಿಣದ ಲವಣವನ್ನು ಸೇರಿಸಿ ರಕ್ತವನ್ನು ಹೆಪ್ಪುಗಟ್ಟಿಸಿದನು. ಅದೇ ವರ್ಷದಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಚರ್ಮದಡಿ ಔಷಧ ಕೊಡುವ ಸೂಜಿಯನ್ನು ಬಳಕೆಗೆ ತಂದನು. ಸಾಧನ ಸಿಕ್ಕೊಡನೆ ಲಿಯಾನಿನ ಶಸ್ತ್ರವೈದ್ಯರು ಉಬ್ಬಿದ ಕಾಲಿನ ನಾಳಗಳಿಗೆ ಅದನ್ನು ಪ್ರಯೋಗಿಸಿದರು. ಫಲ ಭೀಕರವಾಗಿತ್ತು. ಸೂಜಿಯನ್ನು ಕುದಿಸಿ ಶುದ್ಧಿಮಾಡಬೇಕೆಂಬ ಅರಿವೇ ಹುಟ್ಟದ ಕಾಲವದು. ಕೀವು, ಜ್ವರ, ಮರಣಗಳು ಸಂಭವಿಸಿ ಪದ್ಧತಿ ಹಿಂದೆ ಸರಿಯಿತು.

ಅದಕ್ಕೆ ಮರುಜೀವ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ, ಅದೂ ಆಕಸ್ಮಿಕವಾಗಿ. ಉಪದಂಶ ರೋಗಕ್ಕೆ ತೋಳಿನ ನಾಳದೊಳಗೆ ಔಷಧ ಕೊಡುತ್ತಿದ್ದಾಗ ಆ ನಾಳವೇ ಗಟ್ಟಿಯಾಗಿ ಮುಚ್ಚಿಹೋಗುವುದನ್ನು ವೈದ್ಯರು ಗಮನಿಸಿದರು. ಫ್ರಾನ್ಸಿನ ಸಿಕಾರ್ ಈ ಅವಗುಣವನ್ನೇ ಗುಣವಾಗಿ ತಿರುಗಿಸಿ, ಬೇಡವಾದ ನಾಳವನ್ನು ಮುಚ್ಚಲು ಸೋಡಿಯಂ ಸ್ಯಾಲಿಸಿಲೇಟನ್ನು ಬಳಸತೊಡಗಿದನು. ಆಮೇಲೆ ಗಾಢವಾದ ಉಪ್ಪುನೀರು, ಕಾಡ್ ಮೀನಿನೆಣ್ಣೆಯಿಂದ ತೆಗೆದ ಲವಣ ಹೀಗೆ ಒಂದೊಂದೇ ಬಂದು, 1940ರ ದಶಕದಲ್ಲಿ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ, ಸಾಬೂನಿನ ಗುಣದ ದ್ರವ ಬಂತು. ಇಂದು ಹೆಚ್ಚಾಗಿ ಬಳಸುವ ಪಾಲಿಡೋಕನಾಲ್ 1930ರ ದಶಕದಲ್ಲಿ ಹುಟ್ಟಿದ್ದು ನೋವು ತಿಳಿಯದಂತೆ ಮಾಡುವ ಮರವಳಿಕೆಯ ಮದ್ದಾಗಿ. ಚುಚ್ಚಿದಲ್ಲೆಲ್ಲ ನಾಳ ಮುಚ್ಚುತ್ತದೆಂಬ ದೋಷದಿಂದ ಆ ಕೆಲಸಕ್ಕೆ ಒದಗದೆ, 1960ರ ದಶಕದಲ್ಲಿ ಜರ್ಮನಿಯಲ್ಲಿ ಈ ಕೆಲಸಕ್ಕೆ ಬಂತು. ಮರವಳಿಕೆಯ ಗುಣ ಉಳಿದಿರುವುದರಿಂದಲೇ ಅದರ ಚುಚ್ಚುವಿಕೆ ಉಪ್ಪುನೀರಿನಷ್ಟು ಉರಿಯುವುದಿಲ್ಲ. ಅಮೆರಿಕದ ಔಷಧ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. 1960ರ ದಶಕದಲ್ಲಿಯೇ ಡಬ್ಲಿನ್ ನಗರದ ಜಾರ್ಜ್ ಫೀಗನ್ ಚುಚ್ಚಿದ ನಂತರ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ ರೋಗಿಯನ್ನು ನಡೆಯಿಸುವ ಕ್ರಮವನ್ನು ಪ್ರಚಾರಕ್ಕೆ ತಂದನು. 2000ದಲ್ಲಿ ಇಟಲಿಯ ತೆಸ್ಸಾರಿ ಎರಡು ಸಿರಿಂಜುಗಳ ನಡುವೆ ದ್ರವವನ್ನೂ ಗಾಳಿಯನ್ನೂ ಹಿಂದೆಮುಂದೆ ತಳ್ಳಿ ದಟ್ಟ ನೊರೆ ಮಾಡುವ ಸುಲಭೋಪಾಯವನ್ನು ತೋರಿಸಿದನು. ನೊರೆ ದೊಡ್ಡ ನಾಳಗಳಿಗೆ. ಜೇಡನ ಬಲೆಗೆ ದ್ರವವೇ ಸಾಕು.

ಈಗ ಚಿಕಿತ್ಸೆಯ ಕ್ರಮ. ಆಸ್ಪತ್ರೆಯಲ್ಲಿ ಮಲಗಬೇಕಾದುದಿಲ್ಲ, ಮೂರ್ಛೆ ತರಿಸಬೇಕಾದುದಿಲ್ಲ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಚರ್ಮವನ್ನು ಶುದ್ಧಿಮಾಡಿ, ಕೂದಲೆಳೆಯಂತಹ ಅತಿ ಸಣ್ಣ ಸೂಜಿಯಿಂದ, ಅದರ ದಪ್ಪ ಸುಮಾರು 0.3 ಮಿಲಿಮೀಟರ್, ಗೆರೆಯೊಳಗೆ ದ್ರವವನ್ನು ನಿಧಾನವಾಗಿ ಬಿಡುತ್ತಾರೆ. ಪಾಲಿಡೋಕನಾಲ್ ಆದರೆ ಜೇಡನ ಬಲೆಗೆ ನೂರಕ್ಕೆ ಅರ್ಧ ಪಾಲಿನ ಸಾಂದ್ರತೆ, ಜಾಲನಾಳಕ್ಕೆ ನೂರಕ್ಕೆ ಒಂದು ಪಾಲು. ಒಂದೊಂದು ಕಡೆಗೆ 0.1ರಿಂದ 0.3 ಮಿಲಿಲೀಟರ್, ಒಂದು ಸಲಕ್ಕೆ ಒಟ್ಟು 10 ಮಿಲಿಲೀಟರನ್ನು ಮೀರುವಂತಿಲ್ಲ. ದ್ರವ ಹೋಗುತ್ತಿದ್ದಂತೆ ಕೆಂಪು ಗೆರೆ ಕಣ್ಣೆದುರಿಗೇ ಮಾಯವಾಗುವುದನ್ನು ನೋಡಿ ರೋಗಿಗಳು ಬೆರಗಾಗುತ್ತಾರೆ. ಆದರೆ ಅದು ರಕ್ತ ಬದಿಗೆ ಸರಿದುದು ಮಾತ್ರ. ಸ್ವಲ್ಪ ಹೊತ್ತಿನಲ್ಲಿ ಗೆರೆ ಮತ್ತೆ ಕೆಂಪಾಗಿ, ಸೊಳ್ಳೆ ಕಚ್ಚಿದಂತೆ ಗಂಧೆ ಏಳುತ್ತದೆ. ನಿಜವಾದ ಕೆಲಸ ಒಳಗೆ ನಡೆಯುತ್ತದೆ. ದ್ರವವು ನಾಳದ ಒಳಪದರವನ್ನು ಕೆಡಿಸುತ್ತದೆ, ಗೋಡೆಗಳು ಊದಿ ಒಂದಕ್ಕೊಂದು ಅಂಟುತ್ತವೆ, ವಾರಗಳು ಕಳೆದಂತೆ ನಾಳವು ನಾರಾಗಿ, ಕೊನೆಗೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಸಣ್ಣ ಗೆರೆ ಮಾಸಲು ಮೂರರಿಂದ ಆರು ವಾರ, ದೊಡ್ಡದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯಬಹುದು. ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ವಾರಗಳ ಅಂತರದಲ್ಲಿ ಎರಡು ಮೂರು ಸಲ ಹೋಗಬೇಕಾಗುತ್ತದೆ. ಸರಿಯಾಗಿ ಮುಚ್ಚಿದ ಗೆರೆ ಸಾಮಾನ್ಯವಾಗಿ ಮತ್ತೆ ತೆರೆಯದು. ಹೊಸ ಗೆರೆಗಳು ಮೂಡುವುದನ್ನು ಮಾತ್ರ ಯಾವ ಸೂಜಿಯೂ ತಡೆಯಲಾರದು.

ಚುಚ್ಚಿಸಿಕೊಂಡು ಎದ್ದೊಡನೆ ನಡೆಯಬೇಕು. ಇದನ್ನು ನಮ್ಮ ಮನೆಗಳಲ್ಲಿ ಒಪ್ಪಿಸುವುದು ಕಷ್ಟ. "ಇಂಜೆಕ್ಷನ್ ಆಗಿದೆ, ಮಲಗಿಕೋ ತಾಯಿ" ಎಂದು ಅತ್ತೆಯವರು ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಇಲ್ಲಿ ಮಲಗುವುದೇ ತಪ್ಪು. ಹತ್ತು ಹದಿನೈದು ನಿಮಿಷ ಅಡ್ಡಾಡಿ, ಮುಂದಿನ ದಿನಗಳಲ್ಲಿಯೂ ನಿತ್ಯ ನಡೆದರೆ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ವೈದ್ಯರು ಹೇಳಿದಷ್ಟು ದಿನ ಬಿಗಿ ಕಾಲುಚೀಲ ಧರಿಸಬೇಕು. ಸಣ್ಣ ಗೆರೆಗೆ ಎರಡು ಮೂರು ದಿನ ಸಾಕೆನ್ನುವವರಿದ್ದಾರೆ, ಒಂದು ವಾರ, ಮೂರು ವಾರ ಎನ್ನುವವರೂ ಇದ್ದಾರೆ. ನಮ್ಮ ಬೇಸಗೆಯಲ್ಲಿ ಅದನ್ನು ಧರಿಸುವುದು ಸುಖವಲ್ಲವಾದ್ದರಿಂದ ಚಳಿಗಾಲದಲ್ಲಿ ಚಿಕಿತ್ಸೆ ಇಟ್ಟುಕೊಳ್ಳುವುದು ಜಾಣತನ. ಎರಡು ವಾರ ಕಾಲಿಗೆ ಸುಡುನೀರು ಹೊಯ್ದುಕೊಳ್ಳುವುದು, ಬಿಸಿ ಎಣ್ಣೆ ತಿಕ್ಕುವುದು, ಬಿಸಿಲಿಗೆ ಕಾಲೊಡ್ಡುವುದು, ಭಾರ ಎತ್ತುವುದು ಬೇಡ.

ಇನ್ನು ಆ ಮದುವೆಯ ಮನೆಯ ತಾಯಿಗೆ ಉತ್ತರ. ಇಪ್ಪತ್ತು ದಿನಗಳಿರುವಾಗ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಮೊದಲ ವಾರಗಳಲ್ಲಿ ಕಾಲು ಇದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ: ನೀಲಿಗಟ್ಟಿದ ಕಲೆಗಳು, ಊತ, ಚುಚ್ಚಿದ ಗುರುತುಗಳು. ಅದಕ್ಕಿಂತ ಮುಖ್ಯವಾದುದು ಕಂದು ಕಲೆ. ಮುಚ್ಚಿದ ನಾಳದಿಂದ ಜಿನುಗಿದ ರಕ್ತದ ಕಬ್ಬಿಣಾಂಶ ಚರ್ಮದಲ್ಲಿ ನಿಂತು, ಗೆರೆ ಇದ್ದಲ್ಲಿಯೇ ಕಂದು ಬಣ್ಣದ ಪಟ್ಟೆ ಉಳಿಯುತ್ತದೆ. ಎಲ್ಲರಿಗೂ ಆಗದಿದ್ದರೂ ಇದು ವಿರಳವಲ್ಲ; ನಮ್ಮಂತಹ ಎಣ್ಣೆಗೆಂಪು, ಶ್ಯಾಮಲ ವರ್ಣದ ಚರ್ಮದವರು ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಬಹಳಷ್ಟು ಕಲೆಗಳು ಆರು ತಿಂಗಳಿಂದ ಒಂದು ವರ್ಷದೊಳಗೆ ಮಾಸುತ್ತವೆ, ಕೆಲವು ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತವೆ. ಚುಚ್ಚಿದ ಜಾಗದ ಸುತ್ತ ಹೊಸದಾಗಿ ಕೆಂಪು ನವಿರೆಳೆಗಳು ಹೊಮ್ಮುವುದೂ ಉಂಟು. ಅವೂ ಸಾಮಾನ್ಯವಾಗಿ ತಿಂಗಳುಗಳಲ್ಲಿ ತಗ್ಗುತ್ತವೆ. ಮಗಳಿಗೆ ಮಾಡಿಸಲೇಬೇಕೆಂದಿದ್ದರೆ ಲಗ್ನಕ್ಕೆ ಆರು ತಿಂಗಳಾದರೂ ಮುಂಚೆ ಆರಂಭಿಸಬೇಕಿತ್ತು. ಈಗ ಲಗ್ನ ಮುಗಿಯಲಿ. ಕಾಲುಂಗುರ ತೊಡಿಸುವಾಗ ಬೀಗರ ಕಣ್ಣಿಗೆ ಬಿದ್ದೀತೆಂದು ತಾಯಿ ಬರೆದಿದ್ದಾರೆ. ಬೀಳಲಿ, ವರನ ಕಾಲನ್ನು ಯಾರೂ ನೋಡಿಲ್ಲವಷ್ಟೆ! ಎಡಿನ್‌ಬರೋದ ಲೆಕ್ಕ ನಂಬುವುದಾದರೆ ಅಲ್ಲಿಯೂ ಬಲೆ ಇದ್ದೀತು.

ಅಪಾಯಗಳಿಲ್ಲವೆ ಎಂದರೆ ಇವೆ. ವಿರಳ, ಆದರೆ ಇವೆ. ದ್ರವವು ನಾಳದಿಂದ ಹೊರಗೆ ಸೋರಿದರೆ, ಅಥವಾ ತಪ್ಪಿ ಸಣ್ಣ ಅಪಧಮನಿಗೆ ಹೋದರೆ, ಅಲ್ಲಿಯ ಚರ್ಮ ಸತ್ತು ಹುಣ್ಣಾಗುತ್ತದೆ. ಔಷಧ ಒಗ್ಗದೆ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವುದೂ ಉಂಟು. ಕಾಲಿನ ಒಳನಾಳದಲ್ಲಿ ಹೆಪ್ಪು ಕಟ್ಟಬಹುದು. ನೊರೆಮದ್ದಿನ ನಂತರ ಕೆಲವರಿಗೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದು, ಅರೆತಲೆನೋವು ಬರುವುದು ಕಂಡಿದೆ. ಈ ಕಾರಣದಿಂದಲೇ ಸೌಂದರ್ಯಗೃಹದ ಹಿಂಕೋಣೆಯಲ್ಲಿ, ಮುಖಕ್ಕೆ ಲೇಪ ಹಚ್ಚುವವರ ಕೈಯಲ್ಲಿ ಈ ಸೂಜಿಯನ್ನು ಕಂಡರೆ ಹೊರಗೆ ಬರುವುದು ಲೇಸು. ಪ್ರಾಣಾಪಾಯ ಒದಗಿದರೆ ಕೊಡಬೇಕಾದ ಔಷಧ ಮತ್ತು ಆಮ್ಲಜನಕ ಪಕ್ಕದಲ್ಲಿರಬೇಕು. ಅವನ್ನು ಕೊಡಬಲ್ಲ ವೈದ್ಯರು ಎದುರಿಗಿರಬೇಕು. ರಕ್ತನಾಳದ ಶಸ್ತ್ರವೈದ್ಯರು, ಇದರಲ್ಲಿ ಪಳಗಿದ ಚರ್ಮವೈದ್ಯರು ಮಾಡುವ ಕೆಲಸವಿದು. ಯಾವ ಮದ್ದು, ಎಷ್ಟು ಸಲ, ಒಟ್ಟು ಎಷ್ಟು ವೆಚ್ಚ ಎಂಬುದನ್ನು ಮೊದಲೇ ಕೇಳಿ ಬರೆಯಿಸಿಕೊಳ್ಳಿ. ಅಂದಕ್ಕಾಗಿ ಮಾಡಿಸಿದುದಕ್ಕೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಗರ್ಭಿಣಿಯರು ಮಾಡಿಸಕೂಡದು. ಬಸುರಿನಲ್ಲಿ ಮೂಡಿದ ಗೆರೆಗಳು ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ತಾವಾಗಿಯೇ ಬಹುಮಟ್ಟಿಗೆ ತಗ್ಗುವುದರಿಂದ ಅವಸರವೂ ಬೇಡ. ಮೊಲೆಯೂಡುವ ತಾಯಂದಿರೂ ಕಾಯುವುದು ಒಳ್ಳೆಯದು. ಹಿಂದೆ ಕಾಲಿನ ಒಳನಾಳದಲ್ಲಿ ಹೆಪ್ಪು ಕಟ್ಟಿದ್ದವರು, ಹಾಸಿಗೆ ಹಿಡಿದವರು, ಅದೇ ಔಷಧ ಒಮ್ಮೆ ಒಗ್ಗದಿದ್ದವರು ವೈದ್ಯರಿಗೆ ಅದನ್ನು ಮರೆಮಾಚಬಾರದು. ದೀರ್ಘಕಾಲದ ಸಕ್ಕರೆ ಕಾಯಿಲೆ, ಧೂಮಪಾನಗಳಿಂದ ಕಾಲಿನ ಅಪಧಮನಿಗಳೇ ಕಿರಿದಾಗಿರುವವರಿಗೆ ಬಿಗಿ ಕಾಲುಚೀಲವೂ ಅಪಾಯ ತಂದೀತು.

ಅಂದಕ್ಕಾಗಿ ಇಷ್ಟು ಮಾಡುವುದು ಸರಿಯೆ ಎಂದು ಹಿರಿಯರು ಕೇಳುವುದನ್ನು ಬಲ್ಲೆ. ಹಲ್ಲು ಕಟ್ಟಿಸಿಕೊಳ್ಳುವ, ತಲೆಗೂದಲಿಗೆ ಬಣ್ಣ ಹಚ್ಚುವ ಗಂಡಸರ ಮನೆಯಲ್ಲಿ ಈ ಪ್ರಶ್ನೆ ಹೆಂಗಸಿನ ಕಾಲಿನ ಹತ್ತಿರ ಮಾತ್ರ ಏಕೆ ಹುಟ್ಟುತ್ತದೆಂಬುದೇ ನನಗೆ ಸೋಜಿಗ. ಕೈಯಲ್ಲಿ ಹಣವಿದ್ದು, ಮನಸ್ಸಿಗೆ ಕಿರಿಕಿರಿಯಿದ್ದು, ತಿಳಿದು ಮಾಡಿಸಿಕೊಳ್ಳುವವರನ್ನು ತಡೆಯತಕ್ಕದ್ದಿಲ್ಲ. ಸಾಲ ಮಾಡಿ ಮಾಡಿಸತಕ್ಕದ್ದಂತೂ ಖಂಡಿತ ಅಲ್ಲ. ಶಿಕ್ಷಕಿಯವರ ಪತ್ರದಲ್ಲಿ ಸಂಜೆ ಕಣಕಾಲು ಊದುವುದಾಗಿಯೂ, ಅಲ್ಲಿಯ ಚರ್ಮ ಕಪ್ಪಾಗುತ್ತಿರುವುದಾಗಿಯೂ ಬರೆದಿರುವುದರಿಂದ ಅವರ ವಿಷಯ ಬೇರೆ. ಅವರದು ಅಂದದ ಮಾತಲ್ಲ. ಅವರು ಗೆರೆಯನ್ನು ಮರೆತು ಮೊದಲು ಡಾಪ್ಲರ್ ಪರೀಕ್ಷೆ ಮಾಡಿಸಬೇಕು. ದೊಡ್ಡ ನಾಳದಲ್ಲಿ ದೋಷವಿದ್ದರೆ ಅದಕ್ಕೆ ಇಂದು ಲೇಸರ್ ಮೊದಲಾದ ಬಿಸಿಯಿಂದ ಒಳಗಿನಿಂದಲೇ ಮುಚ್ಚುವ ಕ್ರಮಗಳಿವೆ. ಅದಾದ ಮೇಲೆ ಉಳಿದ ಸಣ್ಣ ಗೆರೆಗಳಿಗೆ ಸೂಜಿ. ಅಲ್ಲಿಯವರೆಗೆ ಪಾಠದ ನಡುವೆ ಹಿಮ್ಮಡಿಯೆತ್ತಿ ಇಳಿಸುವುದು, ತರಗತಿಯಲ್ಲಿ ನಿಂತಲ್ಲೇ ನಿಲ್ಲದೆ ಅಡ್ಡಾಡುವುದು, ಮನೆಗೆ ಬಂದು ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ದಿಂಬಿನ ಮೇಲಿಟ್ಟು ಅರ್ಧ ಗಂಟೆ ಮಲಗುವುದು ನೆರವಾಗುತ್ತದೆ.

ಕೊನೆಯದಾಗಿ, ಚಿಕಿತ್ಸೆ ಮಾಡಿಸದವರೂ ತಿಳಿದಿರಬೇಕಾದ ಒಂದು ವಿಷಯ. ವಯಸ್ಸಾದವರಲ್ಲಿ ಕಣಕಾಲಿನ ಬಳಿಯ ನೀಲಿ ಗುಳ್ಳೆಯಂತಹ ನಾಳ, ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಳ್ಳುವಾಗ ಉಗುರು ತಗುಲಿ ಒಡೆಯುವುದುಂಟು. ಆಗ ನೋವೇ ಇರುವುದಿಲ್ಲ. ರಕ್ತ ಮಾತ್ರ ಚಿಮ್ಮುತ್ತದೆ. ಗಾಬರಿಯಿಂದ ನಿಂತೇ ಇದ್ದು, ಅಥವಾ ಕುರ್ಚಿಯಲ್ಲಿ ಕುಳಿತು, ತೊಡೆಗೆ ಹಗ್ಗ ಬಿಗಿದರೆ ರಕ್ತ ಇನ್ನಷ್ಟು ಹೋಗುತ್ತದೆ. ಇದರಿಂದ ಪ್ರಾಣ ಹೋದವರೂ ಇದ್ದಾರೆ. ಕೂಡಲೇ ನೆಲದ ಮೇಲೆ ಮಲಗಿಸಿ, ಕಾಲನ್ನು ಗೋಡೆಗೋ ಕುರ್ಚಿಗೋ ಒರಗಿಸಿ ಎದೆಗಿಂತ ಎತ್ತರಕ್ಕೆ ಎತ್ತಿ, ಮಡಿಸಿದ ಶುಭ್ರ ಬಟ್ಟೆಯನ್ನು ಒಡೆದ ಜಾಗದ ಮೇಲೆಯೇ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುವೆ ಎತ್ತಿ ಎತ್ತಿ ನೋಡಬಾರದು. ನಿಂತ ಮೇಲೆ ಅದರ ಮೇಲೆಯೇ ಪಟ್ಟಿ ಸುತ್ತಿ, ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಒಮ್ಮೆ ಒಡೆದ ನಾಳ ಮತ್ತೆ ಒಡೆಯಬಹುದಾದ್ದರಿಂದ ಅದನ್ನು ಸೂಜಿಮದ್ದಿನಿಂದ ಮುಚ್ಚಿಸುವುದುಂಟು.